ನಿದ್ದೆ ಮತ್ತು ನಿತ್ಯದ ಓಡಾಟ: ಖಿನ್ನತೆಯ ಮೊದಲ ಸುಳಿವುಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲರೂ ಬಳಸುತ್ತೇವೆ. ನಿದ್ದೆಗೂ ಮನಸ್ಸಿನ ಸ್ಥಿತಿಗೂ ಇರುವ ನಂಟು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಖಿನ್ನತೆಗೆ ಒಳಗಾಗುತ್ತಿರುವ ವ್ಯಕ್ತಿಯು ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳುವುದಕ್ಕೆ ಮೊದಲೇ ಅನೇಕ ವೇಳೆ ಅವರ ನಿದ್ದೆಯ ಹೊತ್ತು ಬದಲಾಗಿರುತ್ತದೆ, ಓಡಾಟ ಕುಗ್ಗಿರುತ್ತದೆ. ಈ ಬದಲಾವಣೆ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಏಕೆಂದರೆ ಆ ವ್ಯಕ್ತಿ ಇನ್ನೂ ಆಸ್ಪತ್ರೆಯ ಮೆಟ್ಟಿಲು ಹತ್ತಿರುವುದಿಲ್ಲ. ಅದು ಮೊದಲು ಕಾಣುವುದು ಮನೆಯವರಿಗೆ, ನೆರೆಹೊರೆಯವರಿಗೆ, ಮತ್ತು ದಿನವೂ ವಾರ್ಡಿನಲ್ಲಿ ಓಡಾಡುವ ತಮಗೆ. ಆದುದರಿಂದಲೇ ಈ ವಿಷಯವನ್ನು ಸದಸ್ಯರ ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿದೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಸುಮಾರು ನಲವತ್ತೈದು ವರ್ಷದ ರೈತರೊಬ್ಬರಿದ್ದಾರೆ. ಎರಡು ಹಸು, ಒಂದಿಷ್ಟು ಖುಷ್ಕಿ ಜಮೀನು. ಬೆಳಿಗ್ಗೆ ಆರು ಗಂಟೆಗೆ ಡೇರಿಗೆ ಹಾಲು ಹಾಕುವುದು, ಬರುವಾಗ ಹೋಟೆಲಿನಲ್ಲಿ ಒಂದು ಚಹಾ, ಸಂಜೆ ಮತ್ತೆ ಡೇರಿ, ಆಮೇಲೆ ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಮಾತು. ಇದು ಅವರ ವರ್ಷಗಳ ಕ್ರಮ. ಕಳೆದ ಮೂರು ವಾರಗಳಿಂದ ಹಾಲು ತರುತ್ತಿರುವವರು ಅವರ ಹೆಂಡತಿ. ಡೇರಿಯ ಕಾರ್ಯದರ್ಶಿಯು, ಯಜಮಾನರಿಗೆ ಹೊಲದ ಕೆಲಸ ಜಾಸ್ತಿ ಇರಬೇಕು ಎಂದುಕೊಂಡರು. ಕಟ್ಟೆಯವರು, ಸಾಲ ಕೇಳಿಯಾರೆಂದು ಮುಖ ತಪ್ಪಿಸಿಕೊಂಡಿದ್ದಾನೆ ಎಂದರು. ನಸುಕಿನ ಮೂರೂವರೆಗೆ ಅವರು ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದನ್ನು ಎದುರುಮನೆಯ ಅಜ್ಜಿ ಎರಡು ಮೂರು ಬಾರಿ ನೋಡಿದ್ದರು. ಹೆಂಡತಿಯು, ಗ್ಯಾಸ್ಟ್ರಿಕ್ ಇರಬಹುದೆಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಟ್ಟಿದ್ದರು. ನಾಲ್ವರ ಬಳಿಯೂ ಒಂದೊಂದು ತುಣುಕು ಮಾಹಿತಿ ಇತ್ತು. ಅವನ್ನು ಜೋಡಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಈ ಪಾಠದ ಉದ್ದೇಶ ಆ ಜೋಡಣೆಯನ್ನು ಕಲಿಯುವುದು. ರೋಗ ಇಂಥದೇ ಎಂದು ನಿರ್ಧರಿಸುವುದು ವೈದ್ಯರ ಕೆಲಸ; ಅದನ್ನು ಯಾವ ಸದಸ್ಯರೂ ಮೈಮೇಲೆ ಹಾಕಿಕೊಳ್ಳಬೇಕಾಗಿಲ್ಲ.

ಸಮಸ್ಯೆಯ ಗಾತ್ರ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವಿತದ ಯಾವುದಾದರೊಂದು ಹಂತದಲ್ಲಿ ಖಿನ್ನತೆಯನ್ನು ಅನುಭವಿಸಿರುತ್ತಾರೆ. ನಮ್ಮ ರಾಜ್ಯದಲ್ಲಿ ಸ್ಥೂಲವಾಗಿ 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರ ಸ್ಥಾನ ನಿಗದಿಯಾಗುತ್ತದೆ. ಆ ನಾನೂರರಲ್ಲಿ ವಯಸ್ಕರು 280 ಎಂದಿಟ್ಟುಕೊಂಡರೂ, ತಾವು ಪ್ರತಿನಿಧಿಸುವ ಜನರಲ್ಲಿ ಸುಮಾರು 14 ಮಂದಿಗೆ ಈ ಕಾಯಿಲೆ ಎಂದಾದರೊಮ್ಮೆ ತಟ್ಟಿರುತ್ತದೆ ಎಂದಾಯಿತು. ಇದು ಅಂದಾಜಿನ ಲೆಕ್ಕ; ಆದರೂ ಒಮ್ಮೆ ಮನಸ್ಸಿನಲ್ಲೇ ಮನೆಗಳನ್ನು ಎಣಿಸಿ ನೋಡಬಹುದು. ಅದೇ ಸಮೀಕ್ಷೆಯ ಇನ್ನೊಂದು ಅಂಶ ಇದಕ್ಕಿಂತ ಕಳವಳಕಾರಿ. ಖಿನ್ನತೆಯುಳ್ಳ ನೂರು ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಚಿಕಿತ್ಸೆ ಇರುವ ಕಾಯಿಲೆಗೆ ಚಿಕಿತ್ಸೆ ಸಿಗದಿರುವುದಕ್ಕೆ ನಾಚಿಕೆ, ದೂರ, ಖರ್ಚು ಎಲ್ಲವೂ ಕಾರಣ. ಇದು ಕಾಯಿಲೆಯೆಂದು ಯಾರಿಗೂ ತೋರದೆ ಹೋಗುವುದೂ ಅಷ್ಟೇ ದೊಡ್ಡ ಕಾರಣ.

ನಮ್ಮ ಕಡೆಯ ಜನ "ನನಗೆ ಖಿನ್ನತೆಯಾಗಿದೆ" ಎಂದು ಹೇಳಿಕೊಳ್ಳುವುದು ಕಡಿಮೆ. ಮೈ ಭಾರ, ಕೈಕಾಲು ಸೋಲುತ್ತದೆ, ತಲೆ ದಿಮ್ಮೆನ್ನುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಮನೆಯವರು ಮಂಕು ಬಡಿದಿದೆ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಾರೆ. ಆದ್ದರಿಂದ ಮೈಯ ಮಾತನ್ನೇ ಕಿವಿಗೊಟ್ಟು ಕೇಳಬೇಕಾಗುತ್ತದೆ.

ನಿದ್ದೆಯಲ್ಲಿ ಏನನ್ನು ಗಮನಿಸಬೇಕು

ನಿದ್ದೆ ಕೆಡುವುದರಲ್ಲಿ ಮೂರು ಬಗೆಗಳಿವೆ. ಮಲಗಿದರೂ ಗಂಟೆಗಟ್ಟಲೆ ನಿದ್ದೆ ಹತ್ತದಿರುವುದು, ನಡುರಾತ್ರಿ ಪದೇ ಪದೇ ಎಚ್ಚರವಾಗುವುದು, ಮತ್ತು ಏಳಬೇಕಾದ ಹೊತ್ತಿಗಿಂತ ಎರಡು ಮೂರು ಗಂಟೆ ಮುಂಚೆಯೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಲಾಗದಿರುವುದು. ಮೂರೂ ಖಿನ್ನತೆಯಲ್ಲಿ ಕಂಡುಬರುತ್ತವೆ. ಆದರೆ ಮೂರನೆಯದಕ್ಕೆ ವಿಶೇಷ ಮಹತ್ವವಿದೆ. ಕೋಳಿ ಕೂಗುವ ಮೊದಲೇ ಎಚ್ಚರವಾಗಿ, ಕತ್ತಲಲ್ಲಿ ಕುಳಿತು, ಅದೇ ಅದೇ ಯೋಚನೆಗಳನ್ನು ಮೆಲುಕು ಹಾಕುವುದು, ಬೆಳಿಗ್ಗೆ ಮನಸ್ಸು ಅತ್ಯಂತ ಭಾರವಾಗಿದ್ದು ಸಂಜೆಯ ಹೊತ್ತಿಗೆ ಸ್ವಲ್ಪ ಹಗುರವಾಗುವುದು ತೀವ್ರ ಖಿನ್ನತೆಯಲ್ಲಿ ವೈದ್ಯರು ಆಗಾಗ ಕಾಣುವ ಚಿತ್ರ. ಸಂಜೆ ಮಾತನಾಡಿಸಿದವರಿಗೆ "ಚೆನ್ನಾಗಿಯೇ ಇದ್ದಾರಲ್ಲ" ಎನ್ನಿಸುವುದಕ್ಕೆ ಇದೂ ಒಂದು ಕಾರಣ.

ಕೆಲವರಲ್ಲಿ, ಹೆಚ್ಚಾಗಿ ಕಿರಿಯರಲ್ಲಿ, ಇದು ತಿರುವುಮುರುವಾಗಿರುತ್ತದೆ. ಹತ್ತು ಹನ್ನೆರಡು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ. ಇಂಥವರಿಗೆ ಮನೆಯಲ್ಲಿ ಸಿಗುವ ಬಿರುದು ಸೋಮಾರಿ ಎಂಬುದು.

ನಿದ್ರಾಹೀನತೆಯು ಖಿನ್ನತೆಯ ಫಲ ಮಾತ್ರವಲ್ಲ, ಅದರ ಮುನ್ಸೂಚನೆಯೂ ಹೌದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರ ಪ್ರಕಾರ, ಆ ಹೊತ್ತಿನಲ್ಲಿ ಖಿನ್ನತೆ ಇಲ್ಲದಿದ್ದರೂ ನಿದ್ರಾಹೀನತೆಯಿಂದ ಬಳಲುವವರಿಗೆ, ಚೆನ್ನಾಗಿ ನಿದ್ರಿಸುವವರಿಗಿಂತ ಮುಂದೆ ಖಿನ್ನತೆ ಬರುವ ಸಂಭವ ಸುಮಾರು ಎರಡು ಪಟ್ಟು. ನಿದ್ದೆಯ ತೊಂದರೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಬಾರದೆಂಬುದಕ್ಕೆ ಇಷ್ಟು ಸಾಕು.

ಇಲ್ಲಿ ಮದ್ಯದ ಮಾತು ಬರಲೇಬೇಕು. "ನಿದ್ದೆ ಬರಲಿ ಅಂತ ಒಂದಿಷ್ಟು ಹಾಕ್ತೀನಿ" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಮದ್ಯವು ಬೇಗ ನಿದ್ದೆ ಹತ್ತಿಸುವುದು ನಿಜ. ರಾತ್ರಿಯ ಎರಡನೆಯ ಅರ್ಧದ ನಿದ್ದೆಯನ್ನು ಅದೇ ಕೆಡಿಸುತ್ತದೆ. ಕುಡಿತ ಹೆಚ್ಚಾದವರನ್ನು ಕುಡುಕರೆಂದು ಬದಿಗಿಡುವ ಮುನ್ನ, ಕುಡಿತಕ್ಕೆ ಮೊದಲು ನಿದ್ದೆ ಹೇಗಿತ್ತು ಎಂದು ಕೇಳುವುದು ಲೇಸು.

ಓಡಾಟದಲ್ಲಿ ಏನನ್ನು ಗಮನಿಸಬೇಕು

ಖಿನ್ನತೆಯಲ್ಲಿ ದೇಹದ ಚಲನೆಯೇ ನಿಧಾನವಾಗಬಹುದು. ನಡಿಗೆ ಎಳೆದಂತಾಗುತ್ತದೆ, ಮಾತಿನ ನಡುವೆ ಅಂತರ ಹೆಚ್ಚುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ. ಇನ್ನು ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ಒಂದು ಕಡೆ ಕೂರಲಾಗದ ಚಡಪಡಿಕೆ, ಕೈ ಹಿಸುಕಿಕೊಳ್ಳುವುದು, ಅಂಗಳದಲ್ಲಿ ಅತ್ತಿಂದಿತ್ತ ತಿರುಗುವುದು ಕಾಣುತ್ತದೆ. ಜಗತ್ತಿನಾದ್ಯಂತ ಪ್ರಾಥಮಿಕ ಹಂತದ ಆಸ್ಪತ್ರೆಗಳಲ್ಲಿ ಬಳಸುವ ಒಂಬತ್ತು ಪ್ರಶ್ನೆಗಳ ಖಿನ್ನತೆ ಪರಿಶೀಲನಾ ಪಟ್ಟಿಯಲ್ಲಿ ನಿದ್ದೆಗೆ ಒಂದು, ದಣಿವಿಗೆ ಒಂದು, ಚಲನೆಯ ನಿಧಾನ ಅಥವಾ ಚಡಪಡಿಕೆಗೆ ಒಂದು ಪ್ರಶ್ನೆ ಮೀಸಲಾಗಿವೆ. ಆ ಪಟ್ಟಿ ಕೇಳುವುದು ಕಳೆದ ಎರಡು ವಾರಗಳ ಸ್ಥಿತಿಯನ್ನು. ಎರಡು ವಾರ ಎಂಬ ಈ ಅವಧಿಯನ್ನು ಸದಸ್ಯರು ನೆನಪಿನಲ್ಲಿಡಬೇಕು. ಒಂದೆರಡು ದಿನದ ಬೇಸರ ಎಲ್ಲರಿಗೂ ಇರುವುದೇ.

ದೇಹದ ನಿಧಾನಗತಿಗಿಂತ ಮೊದಲೇ ಊರಿನವರಿಗೆ ಕಾಣುವುದು ಓಡಾಟದ ವ್ಯಾಪ್ತಿ ಕುಗ್ಗುವುದು. ಸಂತೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಕಟ್ಟೆಗೆ ಬರುವುದು, ಆಮೇಲೆ ಡೇರಿ, ಕೊನೆಗೆ ಹಿತ್ತಲು. ಸ್ವಸಹಾಯ ಸಂಘದ ವಾರದ ಸಭೆಗೆ ತಪ್ಪದೆ ಬರುತ್ತಿದ್ದ ಮಹಿಳೆ ಉಳಿತಾಯದ ಹಣವನ್ನು ಮಗಳ ಕೈಯಲ್ಲಿ ಕಳಿಸತೊಡಗುತ್ತಾರೆ. ಭಜನೆಯಲ್ಲಿ ತಾಳ ಹಿಡಿಯುತ್ತಿದ್ದವರ ಜಾಗ ಖಾಲಿಯಾಗುತ್ತದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಸರು ಬರೆಸಿದವರು ಹಾಜರಿಗೆ ಬರುವುದಿಲ್ಲ.

ವಿದೇಶಗಳಲ್ಲಿ ಇದನ್ನೇ ಯಂತ್ರಗಳಿಂದ ಅಳೆದು ನೋಡಿದ್ದಾರೆ. ಬ್ರಿಟನ್ನಿನಲ್ಲಿ 91 ಸಾವಿರಕ್ಕೂ ಹೆಚ್ಚು ಜನರು ಕೈಗಡಿಯಾರದಂಥ ಚಲನಮಾಪಕವನ್ನು ಒಂದು ವಾರ ಕಟ್ಟಿಕೊಂಡಿದ್ದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಆ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಆರೋಗ್ಯವಂತರಲ್ಲಿ ಹಗಲಿನ ಚಟುವಟಿಕೆಗೂ ರಾತ್ರಿಯ ವಿಶ್ರಾಂತಿಗೂ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ. ಹಗಲು ಮಂಕಾಗಿ ರಾತ್ರಿ ಚಡಪಡಿಸುವವರಲ್ಲಿ, ಅಂದರೆ ಹಗಲು ರಾತ್ರಿಗಳ ಅಂತರ ಅಳಿಸಿಹೋದವರಲ್ಲಿ, ಖಿನ್ನತೆಯಂಥ ಮನೋವ್ಯಾಧಿಗಳು ಹೆಚ್ಚಾಗಿ ಕಂಡುಬಂದವು. ಅಮೆರಿಕದಲ್ಲಿ ಕೆಲವೇ ಜನರ ಮೊಬೈಲ್ ಫೋನುಗಳ ಎರಡು ವಾರದ ಸ್ಥಳಮಾಹಿತಿಯನ್ನು ಪರಿಶೀಲಿಸಿದ 2015ರ ಅಧ್ಯಯನವೊಂದರಲ್ಲಿ, ದಿನದ ಓಡಾಟದ ಕ್ರಮಬದ್ಧತೆ ತಪ್ಪಿದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು. ಇವು ಗುಂಪಿನಲ್ಲಿ ಕಂಡ ನಂಟುಗಳು. ಇಂಥ ಗಡಿಯಾರವೊಂದು ಒಬ್ಬ ವ್ಯಕ್ತಿಯ ರೋಗವನ್ನು ನಿರ್ಧರಿಸಲಾರದು. ಪಂಚಾಯಿತಿಯಿಂದ ಯಾವ ಉಪಕರಣವನ್ನೂ ಖರೀದಿಸಬೇಕಾಗಿಯೂ ಇಲ್ಲ. ಬೆಳಿಗ್ಗೆ ಸಂಜೆ ಹಾಲು ಅಳೆಯುವ ಡೇರಿ, ಮೊದಲ ಬಸ್ಸು ನಿಲ್ಲುವ ಜಾಗ, ನೀರಿನ ಟ್ಯಾಂಕ್, ನ್ಯಾಯಬೆಲೆ ಅಂಗಡಿಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದು ನಮ್ಮ ಊರುಗಳಿಗೆ ತಾನಾಗಿಯೇ ತಿಳಿಯುತ್ತದೆ.

ತಪ್ಪು ತೀರ್ಮಾನಕ್ಕೆ ಬಾರದಿರಲು

ಗ್ರಾಮೀಣ ಬದುಕಿನಲ್ಲಿ ರಾತ್ರಿ ಎದ್ದಿರುವವರೆಲ್ಲ ರೋಗಿಗಳಲ್ಲ. ತ್ರೀ ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಪಂಪ್‌ಸೆಟ್ ಹಾಕಬೇಕು. ಕಾಡಂಚಿನಲ್ಲಿ ಆನೆ, ಹಂದಿಗಳಿಂದ ಬೆಳೆ ಕಾಯಬೇಕು. ರೇಷ್ಮೆ ಹುಳು ಕೊನೆಯ ಜ್ವರ ಎದ್ದ ಮೇಲೆ ಸಾಕಿದವರಿಗೆ ನಿದ್ದೆಯೆಲ್ಲಿ? ಆದ್ದರಿಂದ ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸದೆ, ಆ ವ್ಯಕ್ತಿಯ ಇಂದಿನ ಕ್ರಮವನ್ನು ಅವರದೇ ಹಿಂದಿನ ಕ್ರಮದೊಂದಿಗೆ ಹೋಲಿಸಬೇಕು. ಮೊದಲಿನಿಂದಲೂ ಮನೆಬಿಟ್ಟು ಹೊರಗೆ ಬಾರದವರು ಈಗಲೂ ಬಾರದಿದ್ದರೆ ಅದು ಸುದ್ದಿಯಲ್ಲ. ಕಾರಣವಿಲ್ಲದೆ ಕ್ರಮ ಬದಲಾಗಿ, ಬದಲಾವಣೆ ಎರಡು ವಾರ ಮೀರಿ, ಜೊತೆಗೆ ಹಿಂದೆ ಇಷ್ಟಪಡುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ ಹೋಗಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು.

ದೇಹದ ಕಾಯಿಲೆಗಳೂ ಇದೇ ವೇಷದಲ್ಲಿ ಬರುತ್ತವೆ. ರಕ್ತಹೀನತೆ, ಥೈರಾಯ್ಡ್ ಕೊರತೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮನುಷ್ಯನನ್ನು ಹೀಗೆಯೇ ಕುಗ್ಗಿಸಬಲ್ಲವು. ವೈದ್ಯರ ಬಳಿ ಕಳುಹಿಸಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ. ಮತ್ತೊಂದು ಎಚ್ಚರಿಕೆಯೂ ಇದೆ. ಎರಡು ಮೂರು ಗಂಟೆ ಮಾತ್ರ ಮಲಗಿಯೂ ದಣಿವಿಲ್ಲದೆ, ಮಿತಿಮೀರಿ ಮಾತನಾಡುತ್ತ, ದುಡ್ಡು ಚೆಲ್ಲುತ್ತ, ದೊಡ್ಡ ದೊಡ್ಡ ಯೋಜನೆಗಳನ್ನು ಹೇಳುವವರದು ಬೇರೆಯದೇ ಸ್ಥಿತಿ. ಅವರನ್ನು ಇನ್ನೂ ಬೇಗ ಮನೋವೈದ್ಯರಿಗೆ ತೋರಿಸಬೇಕು.

ಬಾಣಂತಿಯರ ವಿಷಯ ಪ್ರತ್ಯೇಕ. ಹೆರಿಗೆಯ ನಂತರ ನಿದ್ದೆಗೆಡುವುದು ಸಹಜವೆಂದು ಎಲ್ಲರೂ ತಿಳಿದಿರುವುದರಿಂದಲೇ ಅಲ್ಲಿ ಖಿನ್ನತೆ ಮರೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ, ತಾಯಿ? ಮಗು ಮಲಗಿ, ಅತ್ತೆಯೋ ತಾಯಿಯೋ ನೋಡಿಕೊಳ್ಳಲು ಇದ್ದಾಗಲೂ ಕಣ್ಣು ಮುಚ್ಚಲಾಗದಿದ್ದರೆ ಅದು ಬಾಣಂತನದ ದಣಿವಿನಷ್ಟೇ ವಿಷಯವಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42 ದಿನಗಳವರೆಗೆ ನಿಗದಿತ ದಿನಗಳಂದು ಮನೆಭೇಟಿ ಮಾಡುತ್ತಾರೆ. ಮಗುವಿನ ತೂಕ, ಜ್ವರದೊಂದಿಗೆ ಈ ಪ್ರಶ್ನೆಯನ್ನೂ ಕೇಳುವಂತೆ ಮಹಿಳಾ ಸದಸ್ಯರು ಅವರಲ್ಲಿ ವಿನಂತಿಸಬಹುದು.

ಮಾತನಾಡಿಸುವ ಬಗೆ

ನಿದ್ದೆಯ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಯಾರೂ ಅವಮಾನಪಟ್ಟುಕೊಳ್ಳುವುದಿಲ್ಲ. "ನಿನ್ನ ಮನಸ್ಸು ಸರಿಯಿಲ್ಲವೇ" ಎಂದರೆ ಬಾಗಿಲು ಮುಚ್ಚುವವರು, "ರಾತ್ರಿ ನಿದ್ದೆ ಆಗ್ತಿದೆಯಾ" ಎಂದರೆ ಬಾಯಿ ತೆರೆಯುತ್ತಾರೆ. ಆದುದರಿಂದ ಮಾತು ಅಲ್ಲಿಂದಲೇ ಆರಂಭವಾಗಲಿ. "ಅಣ್ಣಾ, ಹದಿನೈದು ದಿನದಿಂದ ಡೇರಿ ಕಡೆ ಕಾಣಲೇ ಇಲ್ಲ. ಆರೋಗ್ಯ ಹೇಗಿದೆ? ರಾತ್ರಿ ನಿದ್ದೆ ಬರ್ತಿದೆಯಾ? ಎಷ್ಟು ಹೊತ್ತಿಗೆ ಎಚ್ಚರ ಆಗತ್ತೆ? ಎದ್ದಾಗ ಏನು ಯೋಚನೆ ಬರತ್ತೆ?" ಇಷ್ಟು ಕೇಳಿ ಸುಮ್ಮನಿರಬೇಕು. ಉತ್ತರ ತಡವಾಗಿ ಬರುತ್ತದೆ. ಆ ಮೌನವನ್ನು ನಾವು ತುಂಬಬಾರದು. ಇದು ಹೇಳುವಷ್ಟು ಸುಲಭವಲ್ಲ, ಸಭೆಗಳಲ್ಲಿ ಮಾತನಾಡಿ ರೂಢಿಯಾದ ನಮ್ಮಂಥವರಿಗಂತೂ ಕಷ್ಟವೇ.

"ಧೈರ್ಯ ತಂದುಕೋ", "ಗಂಡಸಾಗಿ ಹೀಗೆ ಕೂತರೆ ಹೇಗೆ", "ನಿನಗಿಂತ ಕಷ್ಟದಲ್ಲಿರುವವರು ಇಲ್ಲವೇ" ಎಂಬ ಮಾತುಗಳು ಒಳ್ಳೆಯ ಉದ್ದೇಶದವೇ. ಆದರೆ ಕೇಳಿದವರಿಗೆ ತಾನು ಕೈಲಾಗದವನು ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ.

ಬದುಕು ಸಾಕಾಗಿದೆ, ನಾನಿಲ್ಲದಿದ್ದರೆ ಮನೆಯವರು ನೆಮ್ಮದಿಯಾಗಿರುತ್ತಾರೆ ಎಂಬ ಅರ್ಥದ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದ್ದರಿಂದ ಹಗುರವಾದವರೇ ಹೆಚ್ಚು. ಉತ್ತರ ಹೌದು ಎಂದಾದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತಿದ್ದರೆ 108ಕ್ಕೆ ಕರೆ ಮಾಡಬೇಕು. ಮನೆಯಲ್ಲಿರುವ ಕ್ರಿಮಿನಾಶಕ, ಕಳೆನಾಶಕಗಳನ್ನು ಮನೆಯವರಿಗೆ ಹೇಳಿ ಬೇರೆಡೆ ಬೀಗದಲ್ಲಿ ಇಡಿಸಬೇಕು. ಆ ಘಳಿಗೆಯ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ವಿಷ ಕೈಗೆ ಸಿಗದೆ ಅಷ್ಟು ಹೊತ್ತು ಕಳೆದರೆ ಜೀವ ಉಳಿಯುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮೇಲೆ ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ತಡಮಾಡುವುದೂ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದ 115ನೇ ಪ್ರಕರಣವು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವನ್ನಾಗಿಸಿದೆ.

ಎಲ್ಲಿಗೆ ಕಳುಹಿಸಬೇಕು

ಮೊದಲ ಬಾಗಿಲು ಪ್ರಾಥಮಿಕ ಆರೋಗ್ಯ ಕೇಂದ್ರ. ಸಾಮಾನ್ಯ ವೈದ್ಯರೂ ಖಿನ್ನತೆಗೆ ಚಿಕಿತ್ಸೆ ಕೊಡಬಹುದೆಂಬುದನ್ನು ತೋರಿಸಿಕೊಟ್ಟದ್ದು ನಮ್ಮದೇ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ದೂರವಾಣಿಯಲ್ಲಿ ಮಾತನಾಡಲು ಬಯಸುವವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸೇವೆ ಇದೆ. ಸಂಖ್ಯೆ 14416, ಕರೆ ಉಚಿತ, ಹಗಲಿರುಳು ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಕುಳಿತವರಿಗೆ ಆ ಹೊತ್ತಿನಲ್ಲಿಯೇ ಸಿಗುವ ಸೇವೆ ಇದು.

ಔಷಧ ಆರಂಭಿಸಿದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದು ವಾರ ನುಂಗಿ ಏನೂ ಆಗಲಿಲ್ಲವೆಂದು ಬಿಡುವವರು, ಗುಣವಾಯಿತೆಂದು ತಾವಾಗಿಯೇ ನಿಲ್ಲಿಸುವವರು ಬಹಳ. ಮನೆಯವರಿಗೆ ಈ ಒಂದು ಮಾತನ್ನು ತಿಳಿಸಿದರೂ ದೊಡ್ಡ ಉಪಕಾರ. ಖಿನ್ನತೆಯ ಮಾತ್ರೆಗೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ನಿದ್ದೆ ಮಾತ್ರೆಗೂ ವ್ಯತ್ಯಾಸವಿದೆ. ಎರಡನೆಯದು ಚಟವಾಗಬಲ್ಲದು, ವೈದ್ಯರ ಚೀಟಿಯಿಲ್ಲದೆ ಅದನ್ನು ತರಕೂಡದು.

ಔಷಧವಿಲ್ಲದ ಚಿಕಿತ್ಸೆಯೂ ಇದೆ, ಅದರ ತಿರುಳು ಈ ಪಾಠದ ವಿಷಯವೇ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಖಿನ್ನತೆಯುಳ್ಳವರನ್ನು ಆರರಿಂದ ಎಂಟು ಬಾರಿ ಭೇಟಿಯಾಗಿ, ಬಿಟ್ಟುಹೋದ ದಿನಚರಿಯನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಯಲು ನೆರವಾದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಂಥವರಲ್ಲಿ ಚೇತರಿಕೆ ಹೆಚ್ಚಿತ್ತು. ಮನಸ್ಸು ಸರಿಯಾದ ಮೇಲೆ ಹೊರಡುತ್ತೇನೆ ಎಂದು ಕಾಯದೆ, ಹೊರಟರೆ ಮನಸ್ಸು ಹಿಂದೆ ಬರುತ್ತದೆ ಎಂಬ ತತ್ತ್ವ ಅದು. ನಾವು ಊಹಿಸಿದ ಆ ರೈತರ ವಿಷಯದಲ್ಲಿ ಇದರ ಅರ್ಥ: ವೈದ್ಯರನ್ನು ಕಂಡ ಮೇಲೆ, ಮೊದಲ ವಾರ ಬೆಳಿಗ್ಗೆಯ ಹಾಲಿಗೆ ಮಾತ್ರ ಅವರೇ ಹೋಗುವುದು, ಅದೂ ಪಕ್ಕದ ಮನೆಯವರ ಜೊತೆಯಲ್ಲಿ. ಬೆಳಗಿನ ಬಿಸಿಲು ಮೈಗೆ ಬಿದ್ದರೆ ದೇಹದ ಒಳಗಡಿಯಾರ ಹೊತ್ತಿಗೆ ಸರಿಹೊಂದಲು, ರಾತ್ರಿ ನಿದ್ದೆ ಹತ್ತಲು ಸಹಾಯವಾಗುತ್ತದೆ. ಕಟ್ಟೆಯ ಮಾತುಕತೆ ಮೂರನೆಯ ವಾರಕ್ಕಿರಲಿ. ಸಾಲದ ವಿಚಾರ ಎತ್ತುವವರನ್ನು ಆವರೆಗೆ ತಡೆಯುವ ಹೊಣೆ ಸದಸ್ಯರದು.

ಗೋಪ್ಯತೆ ಮತ್ತು ಪಂಚಾಯಿತಿಯ ಕೆಲಸ

ಗಮನಿಸುವುದಕ್ಕೂ ಕಣ್ಗಾವಲಿಗೂ ನಡುವಿನ ಗೆರೆ ತೆಳುವಾದದ್ದು. ನಿದ್ದೆಗೆಟ್ಟವರ, ಮಂಕಾದವರ ಹೆಸರಿನ ಪಟ್ಟಿಯನ್ನು ಯಾವ ಪಂಚಾಯಿತಿಯೂ ತಯಾರಿಸಕೂಡದು. ಸಾಮಾನ್ಯ ಸಭೆಯಲ್ಲಾಗಲಿ ಗ್ರಾಮ ಸಭೆಯಲ್ಲಾಗಲಿ ವ್ಯಕ್ತಿಯ ಹೆಸರು ಪ್ರಸ್ತಾಪವಾಗಕೂಡದು, ನಡಾವಳಿಯಲ್ಲಿ ದಾಖಲಾಗಕೂಡದು, ವಾಟ್ಸ್‌ಆ್ಯಪ್ ಗುಂಪಿಗಂತೂ ಹೋಗಲೇಕೂಡದು. ಮೇಲೆ ಹೇಳಿದ ಅಧಿನಿಯಮದ 23ನೇ ಪ್ರಕರಣವು ಮಾನಸಿಕ ಕಾಯಿಲೆಯುಳ್ಳವರಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಕಾನೂನು ಹಾಗಿರಲಿ, ಮಗಳ ಮದುವೆ ಮಾತುಕತೆಯಲ್ಲಿರುವ ಮನೆಯ ಸುದ್ದಿಯೊಂದು ಹೊರಬಿದ್ದರೆ, ಆ ಕುಟುಂಬ ಮುಂದೆ ಯಾರ ಬಳಿಯೂ ಬಾಯಿ ತೆರೆಯುವುದಿಲ್ಲ. ರಾಜಕೀಯವಾಗಿ ಎದುರು ಬಣದ ಮನೆಯಾಗಿದ್ದರೆ ಈ ಎಚ್ಚರ ಎರಡುಪಟ್ಟು ಇರಲಿ. ಅಲ್ಲಿಗೆ ಸದಸ್ಯರು ತಾವೇ ಹೋಗದೆ ಆಶಾ ಕಾರ್ಯಕರ್ತೆಯನ್ನೋ ಸಮುದಾಯ ಆರೋಗ್ಯಾಧಿಕಾರಿಯನ್ನೋ ಕಳುಹಿಸುವುದು ಮೇಲು.

ಹೆಸರಿಲ್ಲದೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಓದಿ ಚರ್ಚಿಸಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಯ ಔಷಧಗಳ ದಾಸ್ತಾನು ಇದೆಯೇ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವೈದ್ಯಾಧಿಕಾರಿಯವರಿಂದ ಕೇಳಿ ತಿಳಿದು, ಅದನ್ನು ಸೂಚನಾ ಫಲಕದಲ್ಲಿ ಹಾಕಬಹುದು. ಡೇರಿಯ ಕಾರ್ಯದರ್ಶಿ, ನ್ಯಾಯಬೆಲೆ ಅಂಗಡಿಯವರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು, ಅರಿವು ಕೇಂದ್ರದ ಮೇಲ್ವಿಚಾರಕರು, ಕ್ರಿಮಿನಾಶಕ ಮಾರುವ ಅಂಗಡಿಯವರನ್ನು ಒಂದು ಮಧ್ಯಾಹ್ನ ಕರೆದು, ಇಲ್ಲಿರುವ ವಿಷಯವನ್ನು ಆಡುಮಾತಿನಲ್ಲಿ ತಿಳಿಸಬಹುದು. 14416 ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಮಾತ್ರ ಬರೆಸಿದರೆ ಸಾಲದು, ಅಲ್ಲಿಗೆ ಬರುವವರು ಓಡಾಡುತ್ತಿರುವವರೇ. ಮನೆಯಿಂದ ಹೊರಬಾರದವರಿಗೆ ಅದು ತಲುಪಬೇಕಾದರೆ ಡೇರಿಯ ಹಾಲಿನ ಪಾಸ್‌ಪುಸ್ತಕದ ಹಿಂಬದಿಯಲ್ಲಿ, ಸಂಘದ ಉಳಿತಾಯ ಪುಸ್ತಕದಲ್ಲಿ, ನೀರಿನ ಕರದ ರಸೀದಿಯ ಮೇಲೆ ಮೊಹರು ಹಾಕಿಸಬೇಕು. ಅವು ಮನೆಯೊಳಗೆ ಹೋಗುತ್ತವೆ.